ಆರನೇ ಮನೆ ಮೊದಲು

ಕಂಪ್ಯೂಟರಿಗೆ ‘ನಿನ್ನ ಮನಸ್ಸಿಗೆ ಬಂದ ಒಂದು ನಂಬರು ಹೇಳು’ ಎಂದರೆ ಅದಕ್ಕೆ ಹೇಳಲು ಬರುವುದಿಲ್ಲ. ಇದನ್ನು ನನಗೆ ಕಲಿಸಿದವಳು ನನ್ನ ತಂಗಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿರುವುದು ಇದೊಂದೇ. ಆದರೆ ಅವಳಿಗೆ ಮೋಸ ಮಾಡಲು ಅಷ್ಟು ವಿದ್ಯೆ ಸಾಕಾಯಿತು.

ನಾವಿರುವುದು ಟಿ. ದಾಸರಹಳ್ಳಿಯ ಒಂದು ವಠಾರದಲ್ಲಿ. ಎದುರುಬದುರು ಎರಡು ಸಾಲು ಮನೆ, ನಡುವೆ ಒಂದು ಸ್ಕೂಟರ್ ನುಸುಳುವಷ್ಟು ಅಂಗಳ, ಕೊನೆಯಲ್ಲಿ ಒಂದು ನಲ್ಲಿ. ಒಟ್ಟು ಒಂಬತ್ತು ಮನೆ. ಬಾಗಿಲುಗಳ ಮೇಲೆ ಓನರ್ ಆಂಟಿ ಹಸಿರು ಬಣ್ಣದಲ್ಲಿ ನಂಬರು ಬರೆಸಿದ್ದಾರೆ. ನಮ್ಮದು ಆರು. ಈ ಜಾಗ ಹಿಂದೆ ಆಂಟಿಯವರ ರಾಗಿ ಹೊಲವಾಗಿತ್ತು. ಅವರ ಮಟ್ಟಿಗೆ ಈಗಲೂ ಹೊಲವೇ. “ನನ್ ವಲದಲ್ಲಿ ಯಾರವ್ವಾ ಸ್ಕೂಟ್ರು ನಿಲ್ಸಿರೋದು?” ಎಂದು ಬೆಳಿಗ್ಗೆ ಎದ್ದು ಕೂಗುತ್ತಾರೆ.

ಆ ನಲ್ಲಿಯಲ್ಲಿ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ. ಮೊದಲು ಬಿಂದಿಗೆ ಇಟ್ಟವರಿಗೆ ಧೋ ಎಂದು ಸುರಿಯುತ್ತದೆ. ನಡುವಿನವರಿಗೆ ಸಾಧಾರಣ. ಕೊನೆಯ ಎರಡು ಮನೆಗೆ ಬರುವ ಹೊತ್ತಿಗೆ ನೂಲಿನ ಎಳೆಯಷ್ಟಾಗಿ, ಆಮೇಲೆ ನಲ್ಲಿ ಬರೀ ಉಸಿರು ಬಿಡುತ್ತದೆ. ಆ ಮನೆಯವರು ಬೋರ್ ನೀರಿಗೆ ಹೋಗಬೇಕು. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರಾಗುತ್ತದೆ. ಹಾಗಾಗಿ ಯಾರು ಮೊದಲು ಎನ್ನುವುದು ನಮ್ಮ ವಠಾರದಲ್ಲಿ ಚುನಾವಣೆಗಿಂತ ದೊಡ್ಡ ವಿಷಯ.

ಮೊದಲೆಲ್ಲ ಆಂಟಿ ಹಿಂದಿನ ದಿನ ಸಂಜೆ ದೀಪ ಹಚ್ಚಿದ ಮೇಲೆ ಹಳೆಯ ಟೀಪುಡಿ ಡಬ್ಬದಿಂದ ಚೀಟಿ ಎತ್ತುತ್ತಿದ್ದರು. ಚೀಟಿ ಎತ್ತಿದ ಮೇಲೆ ಜಗಳ. ಎರಡನೇ ಮನೆಯ ಚೀಟಿ ದಪ್ಪ ಮಡಚಿದೆ ಎಂದು ಒಬ್ಬರು, ಒಂಬತ್ತನೇ ಮನೆಯ ಚೀಟಿಗೆ ಎಣ್ಣೆ ಕೈ ತಾಗಿದೆ ಎಂದು ಇನ್ನೊಬ್ಬರು. ಎಲ್ಲರಿಗಿಂತ ಜೋರು ಐದನೇ ಮನೆಯ ಅಕ್ಕನದು. ಬಾಗಲಕೋಟೆ ಕಡೆಯವರು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು.

“ಆಂಟೀ, ನಮ್ಮ ಚೀಟಿ ಡಬ್ಬ್ಯಾಗ ಐತೋ ಇಲ್ಲೋ, ಅದನ್ನ ಮೊದ್ಲ ತೋರಸ್ರಿ.”

“ನಿನ್ ಚೀಟಿ ನಾನೇನ್ ಎಲೆ ಅಡಿಕೆ ಜೊತೆ ಅಗಿದ್ಬಿಟ್ನಾ?”

“ಯಾರಿಗ್ ಗೊತ್ರೀ? ಬಾಯಿ ಕೆಂಪಗೈತಿ.”

ಇಂಥ ಒಂದು ಸಂಜೆ ನನ್ನ ತಂಗಿ ಹೊಸಿಲ ಮೇಲೆ ನಿಂತು, “ಆಂಟಿ, ನಾನೊಂದು ಆ್ಯಪ್ ಮಾಡ್ಕೊಡ್ತೀನಿ. ಬಟನ್ ಒತ್ತಿದ್ರೆ ಒಂಬತ್ತು ಮನೆನೂ ಕಲಸಿ, ಯಾರಾದ್ಮೇಲೆ ಯಾರು ಅಂತ ಅದೇ ಹೇಳುತ್ತೆ. ಯಾರ ಕೈವಾಡನೂ ಇರಲ್ಲ” ಎಂದಳು. ಅವಳಾಗ ಕಂಪ್ಯೂಟರ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು.

ಆಂಟಿ ಯೋಚಿಸಿ ಕೇಳಿದರು: “ಅದಕ್ಕೂ ಬಾಡ್ಗೆಗೆ ಮನೆ ಕೊಡ್ಬೇಕಾ?”

ಬೇಡ, ಆಂಟಿಯ ಹಳೆಯ ಫೋನು ಕೊಟ್ಟರೆ ಸಾಕು ಎಂದು ತೀರ್ಮಾನವಾಯಿತು.

ಅವಳು ಅದನ್ನು ಮಾಡುವಾಗ ನಾನು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಆಗಲೇ ಅವಳು ನನಗೆ ಹೇಳಿದ್ದು.

“ಕಂಪ್ಯೂಟರ್‌ಗೆ ಮನಸ್ಸೇ ಇಲ್ಲ ಅಕ್ಕ, ಇನ್ನು ಮನಸ್ಸಿಗೆ ಬಂದಿದ್ದನ್ನ ಎಲ್ಲಿಂದ ಹೇಳುತ್ತೆ? ಅದಕ್ಕೇ ತಿಳಿದೋರು ಒಂದು ಲೆಕ್ಕ ಬರೆದಿಟ್ಟಿದ್ದಾರೆ. ಲೈಬ್ರರಿ ಅಂತಾರೆ. ನಾವು ಹೊಸದಾಗಿ ಬರೆಯೋದೇ ಬೇಡ, ಕರೆದ್ರೆ ಬರುತ್ತೆ. ಮೊದ್ಲು ಅದಕ್ಕೊಂದು ನಂಬರ್ ಕೊಡ್ಬೇಕು. ಅದು ಆ ನಂಬರನ್ನ ಗುಣಿಸಿ, ಕೂಡಿಸಿ, ಭಾಗಿಸಿ, ಉಳಿದ ಚೂರನ್ನ ಹಿಡ್ಕೊಂಡು ಮತ್ತೆ ಗುಣಿಸುತ್ತೆ. ನೋಡೋರಿಗೆ ಮನಸ್ಸಿಗೆ ಬಂದಂಗೆ ಕಾಣುತ್ತೆ.”

“ಅಂದ್ರೆ ನಾಟಕ.”

“ಹೂಂ, ನಾಟಕ. ಆದ್ರೆ ಪಕ್ಕಾ ನಾಟಕ, ಯಾರಿಗೂ ಗೊತ್ತಾಗಲ್ಲ. ಮೊದಲನೇ ನಂಬರ್ ಮಾತ್ರ ಪ್ರತಿ ಸಲ ಬೇರೆ ಇರ್ಬೇಕು. ಅದಕ್ಕೆ ಗಡಿಯಾರದಿಂದ ತಗೋತೀವಿ. ಆ್ಯಪ್ ತೆಗೆದ ಗಳಿಗೆ, ಅದರಲ್ಲೂ ಸೆಕೆಂಡಿನ ಚೂರು. ಅದನ್ನ ಯಾರು ಊಹೆ ಮಾಡೋಕಾಗುತ್ತೆ?”

“ಪ್ರತಿ ಸಲ ಅದೇ ನಂಬರ್ ಕೊಟ್ರೆ?”

“ಪ್ರತಿ ಸಲ ಅದೇ ನಾಟಕ. ಅದೇ ಸೀನು, ಅದೇ ಡೈಲಾಗು.”

ಮೊದಮೊದಲು ಅವಳ ಆ್ಯಪಿನಲ್ಲಿ ಒಂದು ಐಬಿತ್ತು. ಒಮ್ಮೊಮ್ಮೆ ಒಂದೇ ಮನೆ ಎರಡು ಸಲ ಬಂದು ಇನ್ನೊಂದು ಮನೆ ಮಾಯವಾಗುತ್ತಿತ್ತು. ಪ್ರತಿ ಸಲ ಬೇರೆ ಬೇರೆ ಬಂದರೆ ತಪ್ಪನ್ನು ಹಿಡಿಯುವುದು ಕಷ್ಟ. ಅದಕ್ಕೆ ಅವಳು ಗಡಿಯಾರವನ್ನು ತೆಗೆದು, ಬದಲಿಗೆ ಒಂದು ಕಾಯಂ ನಂಬರು ಹಾಕಿಕೊಂಡಳು. ಯಾವ ನಂಬರು ಅಂದರೆ, ನನ್ನ ಫ್ಯಾಕ್ಟರಿಯ ಟೋಕನ್ ನಂಬರು. “ತಲೆಯಲ್ಲಿ ಅದೇ ಇತ್ತು ಕಣೇ” ಎಂದಳು. ಅದೇ ನಾಟಕವನ್ನು ಮತ್ತೆ ಮತ್ತೆ ಆಡಿಸಿ ತಪ್ಪನ್ನು ಹಿಡಿದು ಸರಿಮಾಡಿದಳು. ಆಮೇಲೆ ಕಾಲೇಜಿನ ಕಂಪ್ಯೂಟರಿನಲ್ಲಿ ಮತ್ತೆ ಗಡಿಯಾರ ಹಾಕಿ, ಆ್ಯಪನ್ನು ಫೋನಿಗೆ ತುಂಬಿಕೊಂಡು ಬಂದಳು.

“ಅಕ್ಕ, ಕಾಲೇಜಲ್ಲಿ ಕರೆಂಟ್ ಹೋಗಿ ಗಡಿಬಿಡಿ ಆಯ್ತು. ಫೋನಿಗೆ ಬಂದಿರೋದು ಹೊಸದೋ, ಟೆಸ್ಟಿಂಗ್‌ಗೆ ಇಟ್ಕೊಂಡಿದ್ದ ಹಳೇದೋ ಡೌಟಿದೆ. ನಾನು ರೆಕಾರ್ಡ್ ಬರೀಬೇಕು. ನೀನು ಕಂಪನೀಲಿ ಪೀಸ್ ಚೆಕ್ ಮಾಡ್ತೀಯಲ್ಲ, ಇದನ್ನೂ ಮಾಡು. ಒತ್ತು, ಮುಚ್ಚು, ಮತ್ತೆ ತೆಗಿ, ಒತ್ತು. ಬೇರೆ ಬೇರೆ ಬಂದ್ರೆ ಸರಿ. ಒಂದೇ ಬಂದ್ರೆ ಹೇಳು, ಬದಲಾಯಿಸ್ತೀನಿ.”

ಇಲ್ಲಿ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೇನೆ. ಬೆಳಿಗ್ಗೆ ಮೆಷಿನ್ನು ಶುರುವಾದಾಗ ಬರುವ ಮೊದಲ ಪೀಸನ್ನು ನಾವು ಗೇಜು ಹಾಕಿ ಅಳತೆ ನೋಡುತ್ತೇವೆ. ಸರಿಯಿದ್ದರೆ ಅದಕ್ಕೆ ಹಸಿರು ದಾರ ಕಟ್ಟಿ ಮೆಷಿನ್ನಿನ ಪಕ್ಕದ ಕೊಕ್ಕೆಗೆ ನೇತುಹಾಕುತ್ತೇವೆ. ಆ ದಿನವಿಡೀ ಬರುವ ಪ್ರತಿ ಪೀಸೂ ಅದರ ಅವಳಿಯ ಹಾಗಿರಬೇಕು. ಕೂದಲೆಳೆ ಬೇರೆಯಾದರೂ ಕೆಂಪು ಡಬ್ಬಕ್ಕೆ. ವರ್ಷಗಟ್ಟಲೆ ಅದೇ ಮಾಡಿ ನನ್ನ ಕಣ್ಣು ಹೇಗಾಗಿದೆ ಅಂದರೆ, ಮದುವೆಮನೆಯಲ್ಲಿ ಎಲೆಯ ಮೇಲಿನ ಎರಡು ಹೋಳಿಗೆ ಒಂದೇ ಅಳತೆಯಲ್ಲಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ.

ಇಂಥ ಕಣ್ಣಿನವಳ ಕೈಗೆ ಅವಳು ಫೋನು ಕೊಟ್ಟಳು. ನಾನು ಒತ್ತಿದೆ. ಆರು, ಎರಡು, ಒಂಬತ್ತು, ನಾಲ್ಕು, ಒಂದು, ಎಂಟು, ಮೂರು, ಏಳು, ಐದು. ಮುಚ್ಚಿದೆ, ತೆಗೆದೆ, ಒತ್ತಿದೆ. ಆರು, ಎರಡು, ಒಂಬತ್ತು, ನಾಲ್ಕು. ಮತ್ತೆ ಮುಚ್ಚಿದೆ, ಮತ್ತೆ ತೆಗೆದೆ. ಆರು, ಎರಡು, ಒಂಬತ್ತು.

ನಿಜ ಹೇಳುತ್ತೇನೆ, ಮೊದಲು ನನಗಾದದ್ದು ಸಂತೋಷ. ಎಂಥ ಸೆಟ್ಟಿಂಗು! ಒಂದು ಪೀಸೂ ಆಚೀಚೆಯಿಲ್ಲ. ನನ್ನ ತಂಗಿ ಮಾಡಿದ್ದೆಂದರೆ ಹೀಗೆ. ಹಸಿರು ದಾರ ಎಲ್ಲಿ ಎಂದು ಕೈ ಹುಡುಕಿತು. ಆಮೇಲೆ ಅವಳು ಹೇಳಿದ್ದು ನೆನಪಾಯಿತು: ಒಂದೇ ಬಂದರೆ ತಪ್ಪು. ಆ ನೆನಪಿನ ಬೆನ್ನಿಗೇ ಇನ್ನೊಂದು ವಿಷಯ ಹೊಳೆಯಿತು. ಆರು ಅಂದರೆ ನಾವು. ಮಾರನೇ ದಿನ ಶುಕ್ರವಾರ, ನೀರು ಬರುವ ದಿನ, ನನ್ನ ತಲೆಸ್ನಾನದ ದಿನ. ಹಿಂದಿನ ಎರಡು ಸರದಿಯಲ್ಲೂ ನಮಗೆ ಸಿಕ್ಕಿದ್ದು ಬೋರ್ ನೀರು.

“ಚೆಕ್ ಆಯ್ತೇನೆ?” ಒಳಗಿಂದ ಕೂಗಿದಳು.

“ಓಕೆ ಕಣೇ.”

“ಬೇರೆ ಬೇರೆ ಬಂತಾ?”

“ಬಂತು.”

ಇಷ್ಟೇ ನಾನು ಮಾಡಿದ್ದು. ಒಂದು ‘ಬಂತು’. ಅವಳು ಮರುಮಾತಿಲ್ಲದೆ ನಂಬಿದಳು. ಅವಳ ಪ್ರಕಾರ ಇಡೀ ಪೀಣ್ಯದಲ್ಲಿ ನನ್ನಷ್ಟು ಚೆನ್ನಾಗಿ ಚೆಕ್ ಮಾಡುವವರು ಇನ್ನೊಬ್ಬರಿಲ್ಲ.

ಆ್ಯಪು ತಕ್ಷಣ ಸಿಕ್ಕಿಬೀಳಲಿಲ್ಲ. ಯಾಕೆಂದರೆ ಅದನ್ನು ತೆರೆದೇ ಇಟ್ಟರೆ, ಪ್ರತಿ ಸಲ ಒತ್ತಿದಾಗ ನಾಟಕ ಮುಂದಿನ ಸೀನಿಗೆ ಹೋಗುತ್ತಿತ್ತು. ಬೇರೆ ಬೇರೆ ಮನೆ ಮೊದಲು ಬರುತ್ತಿತ್ತು. ಮುಚ್ಚಿ ತೆರೆದಾಗ ಮಾತ್ರ ಮತ್ತೆ ಮೊದಲಿನಿಂದ ಶುರು, ಮತ್ತೆ ಆರನೇ ಮನೆ. ಆಂಟಿ ಫೋನನ್ನು ದೇವರ ಗೂಡಿನಲ್ಲಿ ಚಾರ್ಜಿಗೆ ಹಾಕಿ, ಆ್ಯಪು ಮುಚ್ಚುವುದು ಹೇಗೆಂದೇ ತಿಳಿಯದೆ ಹಾಗೇ ಇಟ್ಟಿರುತ್ತಿದ್ದರು. ಸಂಜೆ ಎಲ್ಲರೂ ಸೇರಿದಾಗ, “ನೀನೇ ಒತ್ತವ್ವಾ, ನನ್ ಕನ್ನಡ್ಕ ಎಲ್ಲೋ ಅದೆ” ಎಂದು ಫೋನನ್ನು ನನ್ನ ಕೈಗೆ ಕೊಡುತ್ತಿದ್ದರು. ಅವರ ಬಾಗಿಲಿಂದ ನಲ್ಲಿಯ ಹತ್ತಿರ ಬರುವಷ್ಟರಲ್ಲಿ, ಸೆರಗಿನ ಮರೆಯಲ್ಲಿ ಹೆಬ್ಬೆರಳಿಂದ ಆ್ಯಪನ್ನು ಮೇಲಕ್ಕೆ ತಳ್ಳಿ ಮುಚ್ಚಿ ಮತ್ತೆ ತೆರೆಯಲು ನನಗೆ ಯಾವ ಕಷ್ಟವೂ ಇರಲಿಲ್ಲ.

ಮೊದಲು ಶುಕ್ರವಾರ ನೀರು ಬಂದರೆ ಮಾತ್ರ ಅಂದುಕೊಂಡೆ. ಆಮೇಲೆ ನನಗೆ ಬೆಳಗಿನ ಶಿಫ್ಟ್ ಇದ್ದ ದಿನವೂ. ಆಮೇಲೆ ಅಮ್ಮನಿಗೆ ಮಂಡಿ ನೋವೆಂದು. ಇಡ್ಲಿಗೆ ನೆನೆಹಾಕಿದೆ ಎಂದು. ನೆಂಟರು ಬರಬಹುದು ಎಂದು. ಕಾರಣಗಳು ಮಾತ್ರ ಯಾವ ಲೈಬ್ರರಿಯೂ ಇಲ್ಲದೆ ಮನಸ್ಸಿಗೆ ಬಂದ ಹಾಗೆ ಹುಟ್ಟುತ್ತಿದ್ದವು.

ಅಮ್ಮ ಅಡುಗೆಮನೆಯಲ್ಲಿ ತುಂಬಿದ ಡ್ರಮ್ಮಿನ ಮುಂದೆ ನಿಂತು, “ನಮ್ ಮಗು ಓದಿದ್ದಕ್ಕೂ ಸಾರ್ಥಕ ಆಯ್ತು” ಎನ್ನುತ್ತಿದ್ದಳು. ತಂಗಿ ನಗುತ್ತ, “ಅಮ್ಮಾ, ಅದು ನಮ್ಮನೆಗೆ ಅಂತ ಮಾಡಿದ್ದಲ್ಲ, ಸುಮ್ನೆ ಬಂದಿದೆ” ಎನ್ನುತ್ತಿದ್ದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಗ್ಗರಣೆ ಚಟಪಟ ಅನ್ನುವಾಗ ಯಾರ ಮಾತೂ ಕೇಳಿಸುವುದಿಲ್ಲ.

ಇದನ್ನು ಹಿಡಿದದ್ದು ಐದನೇ ಮನೆಯ ಅಕ್ಕ. ಬೇರೆಯವರು ಯಾರು ಮೊದಲು ಬಂದರು ಎಂದು ನೋಡುತ್ತಿದ್ದರೆ, ಅವರು ತಾವು ಕೊನೆಗೆ ಬಂದದ್ದನ್ನು ನೆನಪಿಟ್ಟುಕೊಂಡಿದ್ದರು. ಗೌರಿ ಹಬ್ಬದ ಮುಂಚಿನ ಸಂಜೆ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡೇ ಕೇಳಿದರು.

“ಆಂಟೀ, ನನಗೊಂದ್ ಮಾತ್ ತಿಳೀವಲ್ದು. ಆರನೇ ಮನಿ ಮೊದ್ಲ ಬಂದ ದಿನ ಐದನೇ ಮನಿ ಯಾಕ್ರೀ ಕಡೀಕ? ಯಾವಾಗ್ಲೂ?”

“ಅದೆಂಗೆ ಯಾವಾಗ್ಲೂ ಬತ್ತದೆ?”

“ಬರ್ತೈತ್ರಿ. ಹಬ್ಬ ಹುಣ್ಣಿಮಿ ಬಂತಂದ್ರ ಆರನೇ ಮನ್ಯಾಗ ಕಾವೇರಿ, ನಮ್ಮನ್ಯಾಗ ಬೋರು. ಮಷೀನಿಗೂ ಪಂಚಾಂಗ ಗೊತ್ತೈತೇನ್ರಿ?”

ಎಲ್ಲರೂ ತಂಗಿಯ ಕಡೆ ತಿರುಗಿದರು. ನನ್ನ ಕಡೆ ಯಾರೂ ನೋಡಲಿಲ್ಲ. ಒತ್ತುವವಳ ಮೇಲೆ ಯಾರಿಗೆ ಅನುಮಾನ? ಮಾಡಿದವಳು ಅವಳು.

“ಏನವ್ವಾ, ನಿಮ್ಮನೆಗೆ ಅಂತ್ಲೇ ಏನಾರ ಇಕ್ಕಿದ್ದೀಯಾ ಅದ್ರೊಳಗೆ?” ಎಂದರು ಆಂಟಿ. ಸಿಟ್ಟಿನಿಂದಲ್ಲ, ಬೇಜಾರಿನಿಂದ. ಅದು ಇನ್ನೂ ಕೆಟ್ಟದಾಗಿತ್ತು.

“ಇಲ್ಲ ಆಂಟಿ. ಬೇಕಾದ್ರೆ ನಾನು ಬರೆದಿರೋದನ್ನೇ ತೋರಿಸ್ತೀನಿ.”

“ತೋರಿಸ್ದ್ರೆ ನಮಗೇನ್ ಗೊತ್ತಾಯ್ತದೆ? ನೀನ್ ಬರ್ದಿದ್ದು ನಿಂಗೇ ಅರ್ಥ ಆಗ್ಬೇಕು. ಭಾನ್ವಾರ ಇನ್ನೊಂದ್ ದಪ ಎಲ್ರ ಮುಂದೆ ಒತ್ತಿ ನೋಡೋಣ. ಸರಿಯಾಗಿಲ್ಲಾಂದ್ರೆ ಡಬ್ಬನೇ ಆಯ್ತದೆ.”

ಹಬ್ಬ ಮುಗಿದ ಮಾರನೇ ದಿನ ತಂಗಿ ಕಾಲೇಜಿನಲ್ಲಿ ಕೂತು ತನ್ನ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ನೋಡಿದಳು. ಅಲ್ಲಿದ್ದದ್ದು ಗಡಿಯಾರವಿದ್ದ ಹೊಸದು. ಅದರಲ್ಲಿ ತಪ್ಪೇ ಇರಲಿಲ್ಲ. ಇಲ್ಲದ ತಪ್ಪನ್ನು ಹುಡುಕಿ ಹುಡುಕಿ ಅವಳ ಮುಖ ಸಣ್ಣದಾಯಿತು. ಮನೆಗೆ ಬಂದು ಕೇಳಿದಳು.

“ಅಕ್ಕ, ಅವತ್ತು ನೀನು ಮುಚ್ಚಿ ತೆಗೆದು ನೋಡಿದ್ದೆ ಅಲ್ವಾ?”

“ನೋಡಿದ್ದೆ ಕಣೇ. ನಾನು ಸುಳ್ಳು ಹೇಳ್ತೀನಾ?”

“ಛೆ, ನಿನ್ನನ್ನ ಅಂದಿಲ್ಲ. ಹಾಗಾದ್ರೆ ನನಗೇ ಏನೋ ಅರ್ಥ ಆಗಿಲ್ಲ. ಇಷ್ಟು ಓದಿ ಒಂಬತ್ತು ಮನೆ ಕಲಸೋಕೆ ಬರ್ಲಿಲ್ಲ ನನಗೆ.” ಬ್ಯಾಗನ್ನು ಮೂಲೆಗೆ ತಳ್ಳಿ, “ನಿಮ್ಮ ಕಂಪನೀಲಿ ಪ್ಯಾಕಿಂಗ್‌ಗೆ ಜನ ತಗೊಳ್ತಾರಾ? ನಿಜವಾಗ್ಲೂ ಕೇಳ್ತಿದೀನಿ. ಈ ಕೆಲಸ ನನ್ನ ಕೈಗೆ ಹತ್ತಲ್ಲ” ಎಂದಳು.

ನಾನು ಕುಡಿಯುತ್ತಿದ್ದ ಕಾಫಿ ಕಾವೇರಿ ನೀರಿನದು. ಲೋಟವನ್ನು ಕೆಳಗಿಟ್ಟೆ. ಅವಳು ಚಿಕ್ಕವಳಿದ್ದಾಗ ಕೂಡುವ ಲೆಕ್ಕ ನಾನೇ ಹೇಳಿಕೊಟ್ಟಿದ್ದೆ. ಭಾಗಾಕಾರದ ಹೊತ್ತಿಗೆ ಅವಳು ನನಗೆ ಹೇಳಿಕೊಡುತ್ತಿದ್ದಳು. ಅವಳು ಮುಂದೆ ಹೋಗುವುದನ್ನು ನೋಡುವುದೇ ನನಗೊಂದು ಓದಿನ ಹಾಗಿತ್ತು. ಈಗ ಅವಳು ನನ್ನ ಪಕ್ಕ ಬಂದು ಡಬ್ಬಕ್ಕೆ ಟೇಪು ಅಂಟಿಸುತ್ತೇನೆ ಎನ್ನುತ್ತಿದ್ದಳು, ನನ್ನ ತಲೆಸ್ನಾನಕ್ಕಾಗಿ.

ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಉಪ್ಪಿಟ್ಟು ಮಾಡ್ಲಾ?” ಎಂಬ ಮಾತು ಹೊರಗೆ ಬಂತು. ಶನಿವಾರ ಮತ್ತೆ ತೆರೆದೆ, “ನಿನ್ ಚೂಡಿದಾರ್ ಒಣಗಿದೆ ನೋಡು” ಎಂದು ಬಂತು. ನನ್ನ ಬಾಯಿಗೂ ಯಾರೋ ಕಾಯಂ ನಂಬರು ಹಾಕಿಟ್ಟಿದ್ದರು. ಕೊನೆಗೆ ನಾನು ಹೇಳುವುದು ಬೇಡ, ಫೋನೇ ಹೇಳಲಿ ಎಂದುಕೊಂಡೆ.

ಭಾನುವಾರ ಸಂಜೆ ಇಡೀ ವಠಾರ ನಲ್ಲಿಯ ಮುಂದೆ ಸೇರಿತು. ತಂಗಿ ಬರುವುದಿಲ್ಲವೆಂದಳು, ಕೈ ಹಿಡಿದು ಎಳೆದುಕೊಂಡು ಬಂದೆ. ಫೋನು ತೆಗೆದುಕೊಂಡು ಎಲ್ಲರಿಗೂ ಕಾಣುವ ಹಾಗೆ ಆ್ಯಪನ್ನು ಮುಚ್ಚಿದೆ. ಮತ್ತೆ ತೆರೆದೆ. ಒತ್ತುವುದಕ್ಕೆ ಮುಂಚೆ, ಪರದೆಯನ್ನು ಅವರ ಕಡೆ ತಿರುಗಿಸಿ ಹಿಡಿದು, ಕಣ್ಣು ಮುಚ್ಚಿಕೊಂಡು ಹೇಳಿದೆ.

“ಆರು. ಎರಡು. ಒಂಬತ್ತು. ನಾಲ್ಕು. ಒಂದು. ಎಂಟು. ಮೂರು. ಏಳು. ಐದು.”

ಒತ್ತಿದೆ.

ಯಾರೋ ಪರದೆ ನೋಡಿ ಅದೇ ಸಾಲನ್ನು ಗಟ್ಟಿಯಾಗಿ ಓದಿದರು. ಅಭ್ಯಾಸವಾದ ಹೆಬ್ಬೆರಳಿಂದ ಆ್ಯಪನ್ನು ಮತ್ತೆ ಮುಚ್ಚಿದೆ, ತೆರೆದೆ, ಅದನ್ನೇ ಹೇಳಿದೆ, ಒತ್ತಿದೆ. ಕಣ್ಣು ಬಿಟ್ಟಾಗ ನಾನು ಕಾಯುತ್ತಿದ್ದದ್ದು ಬೈಗುಳವನ್ನು. ಆದರೆ ಆಂಟಿ ಎರಡೂ ಕೈ ಎತ್ತಿ ಮುಗಿದು ನಿಂತಿದ್ದರು.

“ಅಯ್ಯೋ ತಾಯೀ! ಗೌರಿ ಬಂದವ್ಳೆ ಕಣ್ರೀ! ಇವಳ ಮೈಮೇಲೆ ಬಂದವ್ಳೆ! ಯಾರಾರ ಅರಿಶಿನ ಕುಂಕುಮ ತನ್ನಿ!”

“ಆಂಟಿ, ಅದಲ್ಲ…”

“ಕ್ವಾಪ ಮಾಡ್ಕೋಬೇಡ ತಾಯಿ. ನಿನ್ ಮನೆ ಮೇಲೇ ಅನ್ಮಾನ ಪಟ್ವಲ್ಲ. ಕೋರ್ಟಲ್ಲಿರೋ ನಮ್ ಸೈಟಿನ ಕೇಸು ಯಾವಾಗ ಮುಗೀತದೆ, ಅದೊಂದು ಹೇಳ್ಬುಡು.”

ಯಾರೋ ನನ್ನ ಹಣೆಗೆ ಕುಂಕುಮ ಮೆತ್ತಿದರು. ಐದನೇ ಮನೆಯ ಅಕ್ಕನೂ ಕೊಡ ಕೆಳಗಿಟ್ಟು, “ನಮ್ಮೂರಿಗಿ ಹೋಗೂ ಬಸ್ನ್ಯಾಗ ಸೀಟ್ ಸಿಗ್ತೈತೇನ್ರೀ ತಾಯಿ, ದೀಪಾವಳಿ ಹಬ್ಬಕ್ಕ?” ಎಂದರು. ಆ ಒಂದು ಕ್ಷಣ ನನಗೆ ಆಸೆಯಾಯಿತು ಎಂಬುದನ್ನೂ ಬರೆದುಬಿಡುತ್ತೇನೆ. ಸುಮ್ಮನೆ ತಲೆಯಾಡಿಸಿ ‘ಆರನೇ ಮನೆಗೇ ಮೊದಲು ನೀರು ಬಿಡಿ’ ಎಂದು ಒಂದು ಮಾತು ಹೇಳಿದ್ದರೆ, ಇವತ್ತಿಗೂ ನಮ್ಮ ಮನೆಯಲ್ಲಿ ಕಾವೇರಿ ತುಂಬಿ ಹರಿಯುತ್ತಿದ್ದಳು.

ಆದರೆ ತಂಗಿ ಕೈ ಮುಗಿದಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಹಣೆ ಗಂಟಿಕ್ಕಿಕೊಂಡು, ಲೆಕ್ಕ ಬಿಡಿಸುವಾಗ ನೋಡುವ ಹಾಗೆ.

“ದೇವರಲ್ಲ ಆಂಟಿ, ನಾನೇ” ಎಂದೆ. “ಮುಚ್ಚಿ ತೆಗೆದ್ರೆ ಪ್ರತಿ ಸಲ ಇದೇ ಬರುತ್ತೆ. ಇವಳು ಮೊದಲನೇ ದಿನಾನೇ ನನಗೆ ನೋಡೋಕೆ ಹೇಳಿದ್ದಳು. ನಾನು ನೋಡಿ, ಸರಿಯಿದೆ ಅಂತ ಸುಳ್ಳು ಹೇಳಿದೆ. ಫೋನ್ ತರುವಾಗ ದಾರೀಲಿ ಮುಚ್ಚಿ ತೆಗೀತಿದ್ದೆ. ಇವಳಿಗೆ ಏನೂ ಗೊತ್ತಿಲ್ಲ.”

ಆಂಟಿಯ ಮುಗಿದ ಕೈಗಳು ನಿಧಾನಕ್ಕೆ ಬಿಟ್ಟುಕೊಂಡು ಸೊಂಟದ ಮೇಲೆ ಹೋದವು. “ಥೂ ನಿನ್ನ! ಕುಂಕುಮ ವೇಸ್ಟು!” ಎಂದರು.

ಐದನೇ ಮನೆಯ ಅಕ್ಕ ಕೊಡ ಎತ್ತಿಕೊಂಡರು. “ಏನ್ ಚಲೋ ಅಕ್ಕಾರ ನೀವು! ನಿಮ್ಮ ಕೂದ್ಲ ಮಿಂಚೋದ್ ನೋಡಿ ಯಾವ ಶಾಂಪು ಹಚ್ತೀರಿ ಅಂತ ಕೇಳಬೇಕಂತಿದ್ದೆ ನಾನು. ಈಗ್ ಗೊತ್ತಾತ್ ಬಿಡ್ರಿ, ನಮ್ಮ ಪಾಲಿನ ನೀರು!”

ತಂಗಿ ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಮುಚ್ಚಿದಳು, ತೆರೆದಳು, ಒತ್ತಿದಳು. ಮತ್ತೆ ಮಾಡಿದಳು. ಅವಳ ಮುಖ ಅರಳುತ್ತ ಹೋಯಿತು. “ಟೋಕನ್ ನಂಬರ್! ಹಳೇದೇ ಬಂದಿದೆ ಫೋನಿಗೆ. ನಂದು ತಪ್ಪಿರ್ಲಿಲ್ಲ!” ಎಂದು ಎಲ್ಲರ ಮುಂದೆ ಕುಣಿದೇಬಿಟ್ಟಳು. ಆಮೇಲೆ ನನ್ನ ನೆನಪಾಯಿತು. ಕುಣಿತ ನಿಂತಿತು. ಫೋನನ್ನು ಆಂಟಿಯ ಕೈಗಿಟ್ಟು ಒಳಗೆ ಹೋದಳು.

ಟೀಪುಡಿ ಡಬ್ಬ ವಾಪಸ್ಸು ಬಂತು. ಆಂಟಿಯ ತೀರ್ಪಿನ ಪ್ರಕಾರ ನಮ್ಮ ಚೀಟಿ ಅದರೊಳಗಿರಲಿಲ್ಲ. ಕೊನೆಯ ಸರದಿ ನಮಗೆ ಕಾಯಂ. ಅಮ್ಮ ಡ್ರಮ್ಮಿನ ಮುಂದೆ ನಿಂತು ನನ್ನ ಓದಿನ ಬಗ್ಗೆಯೂ ನಾಲ್ಕು ಮಾತು ಹೇಳಿದಳು. ನನ್ನ ಕೂದಲು ತೆಂಗಿನ ನಾರಾಯಿತು. ಇದೆಲ್ಲ ಸಹಿಸಬಹುದಿತ್ತು. ತಂಗಿ ಪ್ಯಾಕಿಂಗಿನ ಮಾತು ಬಿಟ್ಟು ಮತ್ತೆ ಕಾಲೇಜಿಗೆ ಹೋಗತೊಡಗಿದ್ದಳು. ಆದರೆ ನನ್ನೊಂದಿಗೆ ಮಾತು ನಿಲ್ಲಿಸಿದ್ದಳು. ಬೇಕಾದ್ದನ್ನೆಲ್ಲ ಅಮ್ಮನ ಮೂಲಕ ಕೇಳುತ್ತಿದ್ದಳು. “ಅಮ್ಮಾ, ಬಾಚಣಿಗೆ ಎಲ್ಲಿದೆ ಅಂತ ಕೇಳು.” ಬಾಚಣಿಗೆ ನನ್ನ ಕೈಯಲ್ಲೇ ಇರುತ್ತಿತ್ತು.

ಒಂದು ಸಂಜೆ ಅವಳು ಗಡಿಯಾರವಿದ್ದ ಹೊಸ ಆ್ಯಪನ್ನು ಫೋನಿಗೆ ತುಂಬಿಕೊಂಡು ಬಂದಳು. ಚೆಕ್ ಮಾಡಲು ಕೊಡುತ್ತಾಳೆಂದು ನಾನು ಕೈ ಒರೆಸಿಕೊಂಡು ನಿಂತೆ. ಅವಳು ನನ್ನ ಮುಂದಿನಿಂದಲೇ ಹಾದು ಐದನೇ ಮನೆಗೆ ಹೋದಳು. ಐದನೇ ಮನೆಯ ಅಕ್ಕ ಹೊಸಿಲ ಮೇಲೆ ಕೂತು, ಒತ್ತಿ, ಮುಚ್ಚಿ, ತೆಗೆದು, ಪ್ರತಿ ಸಲವೂ ಇಡೀ ವಠಾರಕ್ಕೆ ಕೇಳುವಂತೆ ಓದಿದರು. ಪ್ರತಿ ಸಲ ಬೇರೆ. ನನ್ನ ಕಣ್ಣಿಗೆ ಎಲ್ಲ ಕೆಂಪು ಡಬ್ಬದ ಪೀಸುಗಳು. “ಪಕ್ಕಾ ಐತ್ರಿ!” ಎಂದು ಅವರು ಕೂಗಿದಾಗ ನನಗೆ ಆದ ಹೊಟ್ಟೆಯುರಿಯನ್ನು ಹೇಳಲಾರೆ. ಅದು ನನ್ನ ಕೆಲಸವಾಗಿತ್ತು.

ಆಂಟಿ ದೊಡ್ಡ ಮನಸ್ಸು ಮಾಡಿದರು. “ಆರ್ನೇ ಮನೇನೂ ಇರ್ಲಿ ಬುಡು, ಒಂಬತ್ತೂ ಸೇರ್ಸು. ಇನ್ನು ಎಷ್ಟ್ ದಿನ ಅಂತ” ಎಂದು, ಈ ಸಲ ಕನ್ನಡಕ ಹುಡುಕಿ ಹಾಕಿಕೊಂಡು, ಎಲ್ಲರ ಮುಂದೆ ತಾವೇ ಒತ್ತಿದರು. ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು.

“ಆರು” ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು.

“ದೇವ್ರಾಣೆ ನಾನು ಮುಟ್ಟೇ ಇಲ್ಲ! ಬೆಳಿಗ್ಗೆಯಿಂದ ಆ ಫೋನನ್ನ ಕಣ್ಣೆತ್ತಿ ನೋಡಿಲ್ಲ! ನಮಗೆ ಬೇಡ ಆಂಟಿ, ನಮ್ಮನ್ನ ಕೊನೆಗೇ ಹಾಕಿ. ಇನ್ನೊಂದು ಸಲ ಒತ್ತಿ.”

ಆಗ ಹಿಂದಿನಿಂದ ತಂಗಿಯ ದನಿ ಕೇಳಿತು. ಅಮ್ಮನ ಮೂಲಕವಲ್ಲ, ನೇರವಾಗಿ ನನಗೇ.

“ಅಕ್ಕ, ಬಂದಿದ್ದನ್ನ ತಗೋ. ಬೇಡ ಅಂತ ಇನ್ನೊಂದು ಸಲ ಒತ್ತಿಸಿದ್ರೆ ಅದೂ ಮೋಸಾನೇ. ಆರು ಬರಲೇಬಾರದು ಅಂತೇನಿಲ್ಲ. ಒಂಬತ್ತರಲ್ಲಿ ಅದೂ ಒಂದು.”

ಮಾರನೇ ಬೆಳಿಗ್ಗೆ ನಲ್ಲಿಯ ಕೆಳಗೆ ಮೊದಲ ಬಿಂದಿಗೆ ಇಟ್ಟೆ. ಧೋ ಎಂದು ನೀರು ಸುರಿಯಿತು. ಹಿಂದೆ ಸಾಲಾಗಿ ಎಂಟು ಮನೆಯ ಕೊಡಗಳು, ಅವುಗಳ ಹಿಂದೆ ಎಂಟು ಮನೆಯ ಕಣ್ಣುಗಳು. ಅಷ್ಟು ಭಾರದ ಬಿಂದಿಗೆಯನ್ನು ನಾನು ಅದುವರೆಗೆ ಎತ್ತಿರಲಿಲ್ಲ. ಬಗ್ಗಿದಾಗ ತಂಗಿ ಬಂದು ಇನ್ನೊಂದು ಕಡೆಯಿಂದ ಕೈ ಹಾಕಿದಳು.

“ಇವತ್ತು ತಲೆಗೆ ಹಾಕ್ಕೋ” ಎಂದಳು. “ನೋಡೋಕಾಗ್ತಿಲ್ಲ.”